ಇತರರ ಸಹಾಯ ಬೇಕೇ?

ಮೇಸ್ತ್ರಿಗೆ ಮೊದಲಿನಿಂದಲೂ ಮನುಷ್ಯರಿಗಿಂತ ಲಿಫ್ಟುಗಳ ಮೇಲೆ ಗೌರವ ಜಾಸ್ತಿ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಅವನು. ಕೆಟ್ಟ ಲಿಫ್ಟು ತಾನು ಯಾಕೆ ಕೆಟ್ಟೆ ಎಂದು ಸದ್ದಿನಲ್ಲೇ ಹೇಳುತ್ತದೆ, ಕೇಳುವ ಕಿವಿ ಇದ್ದರಾಯಿತು. ಮನುಷ್ಯರು ಮಾತ್ರ ಅಸಲು ಕಾರಣ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾರೆ ಅನ್ನುತ್ತಿದ್ದ. ಒಂದನೇ ಮಹಡಿಗೆ ಹೋಗಲು ಗುಂಡಿ ಒತ್ತಿಕೊಂಡು ಐದು ನಿಮಿಷ ಕಾಯುವ ಧಡೂತಿ ಗಂಡಸರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಬಾಗಿಲಿನ ಸಂದಿಯಲ್ಲಿ ಕಾಲಿಟ್ಟು ಲಿಫ್ಟನ್ನು ತಡೆದುಕೊಂಡು ಹರಟೆ ಹೊಡೆಯುವವರು, ಒಳಗಿನ ಕನ್ನಡಿಯಲ್ಲಿ ಹಲ್ಲು ಕಿರಿದು ನೋಡಿಕೊಳ್ಳುವವರು, ಕೆಟ್ಟಾಗ ಮಾತ್ರ ಅವನ ಮುಖ ನೆನಪಾಗುವವರು, ಎಲ್ಲರೂ ಅವನ ಲೆಕ್ಕದಲ್ಲಿ ಒಂದೇ ಜಾತಿ.

ಆದರೆ ಅವನು ಎಲ್ಲರಿಗಿಂತ ಕೀಳಾಗಿ ಕಾಣುತ್ತಿದ್ದದ್ದು ಹೆಂಡತಿಯ ತಮ್ಮನನ್ನು. ಆ ಮೈದುನ ಗೋದಾಮಿನಲ್ಲಿ ಮೂಟೆ ಇಳಿಸುವಾಗ ಸೊಂಟಕ್ಕೆ ಏಟು ಮಾಡಿಕೊಂಡು, ಆರು ವರ್ಷದಿಂದ ಸರ್ಕಾರ ಕೊಡುವ ಅಂಗವಿಕಲರ ಮಾಸಾಶನ ಪಡೆಯುತ್ತಿದ್ದ. ಮೇಸ್ತ್ರಿ ಅವನಿಗೆ 'ಸರ್ಕಾರದ ಅಳಿಯ' ಎಂದು ಹೆಸರಿಟ್ಟಿದ್ದ. ಊಟಕ್ಕೆ ಕರೆದಾಗಲೂ ಬಿಡುತ್ತಿರಲಿಲ್ಲ. "ಅಳಿಯಂದಿರಿಗೆ ಇನ್ನೊಂದು ಸೌಟು ಹಾಕು, ಮಾವನ ಮನೆಯಲ್ಲಿ ದುಡಿದು ಸುಸ್ತಾಗಿದಾರೆ" ಎಂದು ಹೆಂಡತಿಗೆ ಹೇಳುತ್ತಿದ್ದ. ಮೈದುನ ತಟ್ಟೆ ನೋಡಿಕೊಂಡು ನಗುತ್ತಿದ್ದ. ನಾಚಿಕೆ ಇದ್ದವನಾದರೆ ನಗುತ್ತಿರಲಿಲ್ಲ ಎಂದು ಮೇಸ್ತ್ರಿ ತೀರ್ಮಾನಿಸಿದ್ದ.

ಅವನಿಗೆ ಐವತ್ತೈದಾದಾಗ ಎಡಗಿವಿಯಲ್ಲಿ ಒಂದು ಗುಂಯ್‌ ಸದ್ದು ಶುರುವಾಯಿತು. ಹಳೇ ಮೋಟರಿನ ಸದ್ದೆಂದು ಅವನು ಅದನ್ನು ಒಂದು ವರ್ಷದವರೆಗೆ ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಎಂಟು ಮಹಡಿಯ ಕಟ್ಟಡವೊಂದರಲ್ಲಿ, ಲಿಫ್ಟಿನ ನೆತ್ತಿಯ ಮೇಲೆ ನಿಂತು ಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದಾಗ, ಸುತ್ತಲಿನ ನಾಲ್ಕು ಗೋಡೆಯೂ ತಿರುಗತೊಡಗಿದವು. ಕಬ್ಬಿಣದ ಚೌಕಟ್ಟನ್ನು ಅಪ್ಪಿಕೊಂಡು ಎರಡು ಗಂಟೆ ಕುಳಿತ. ಕೆಳಗಿನಿಂದ ಯಾರೋ ಇನ್ನೂ ಎಷ್ಟು ಹೊತ್ತು ಎಂದು ಕೂಗುತ್ತಿದ್ದರು. ಕೊನೆಗೆ ಐದನೇ ಮಹಡಿಯಲ್ಲಿ ಅಂಬೆಗಾಲಿಟ್ಟು ಹೊರಬಂದವನು ಗೋಡೆ ಹಿಡಿದು ನಡೆದು, ಒಬ್ಬರ ಮನೆ ಮುಂದಿನ ಹೂಕುಂಡಕ್ಕೆ ವಾಂತಿ ಮಾಡಿದ. ಆ ಮನೆಯ ಯಜಮಾನ ಕಂಪನಿಗೆ ಫೋನ್ ಮಾಡಿ, ನಿಮ್ಮ ಮೆಕ್ಯಾನಿಕ್ ಬೆಳಗಾಗೆದ್ದು ಕುಡಿದು ಬಂದಿದ್ದಾನೆ ಎಂದು ದೂರಿದ.

ಮೇಸ್ತ್ರಿ ಹುಟ್ಟಿ ಒಂದು ಹನಿ ಮುಟ್ಟಿದವನಲ್ಲ. ಕುಡಿಯುವವರ ಬಗ್ಗೆಯೂ ಅವನಿಗೆ ಖಚಿತವಾದ ಅಭಿಪ್ರಾಯಗಳಿದ್ದವು. ಸೂಪರ್‌ವೈಸರ್ ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಬ್ರೇಕ್ ಕೂಡಿಸುವುದನ್ನು ಅವನ ಕೈಕೆಳಗೇ ಕಲಿತು ಇವತ್ತಿಗೂ ತಪ್ಪಾಗಿಯೇ ಕೂಡಿಸುವವನು, ಈ ವಯಸ್ಸಿನಲ್ಲಿ ಇದು ನಿಮಗೆ ಶೋಭೆಯಲ್ಲ ಎಂದು ಬುದ್ಧಿ ಹೇಳಿದ. ಆಮೇಲೆ ಮತ್ತೆರಡು ಸಲ ಹಾಗೇ ಆಯಿತು. ಕಿವಿಯ ಡಾಕ್ಟರು ಕಂಪ್ಯೂಟರಿನತ್ತ ಮುಖ ಮಾಡಿಕೊಂಡು ನಾಲ್ಕು ನಿಮಿಷ ಮಾತಾಡಿದರು. ಒಳಗಿವಿಯಲ್ಲಿ ನೀರು ಹೆಚ್ಚಾಗುವ ಕಾಯಿಲೆ, ಎತ್ತರ ಹತ್ತಬಾರದು, ಉಪ್ಪು ಕಡಿಮೆ ತಿನ್ನಬೇಕು, ಪೂರ್ತಿ ವಾಸಿಯಾಗುವಂಥದ್ದಲ್ಲ, ಇದರ ಜೊತೆಗೇ ಬದುಕುವುದನ್ನು ಕಲಿಯಬೇಕು ಎಂದರು. ಕೆಟ್ಟ ಲಿಫ್ಟಿನ ಮುಂದೆ ನಿಂತು ನಾನು ಹೀಗಂದಿದ್ದರೆ ಜನ ಹೊಡೆದು ಕಳಿಸುತ್ತಿದ್ದರು ಎಂದು ಮೇಸ್ತ್ರಿ ಹೊರಗೆ ಬಂದು ಹೆಂಡತಿಗೆ ಹೇಳಿದ.

ಕಂಪನಿ ಅವನನ್ನು ನಾಲ್ಕು ತಿಂಗಳು ಸ್ಟೋರಿನಲ್ಲಿ ಕೂರಿಸಿತು. ನಟ್ಟು, ಬೋಲ್ಟು, ಬೇರಿಂಗ್ ಎಣಿಸಿ ಪರದೆಯ ಮೇಲೆ ನಮೂದಿಸುವ ಕೆಲಸ. ಪರದೆಯ ಸಾಲುಗಳು ಮೇಲೆ ಸರಿದಾಗೆಲ್ಲ ಅವನ ತಲೆಯೂ ಜೊತೆಗೆ ಸರಿಯುತ್ತಿತ್ತು. ಮೂರು ಸಲ ಕುರ್ಚಿಯಿಂದ ಬಿದ್ದ ಮೇಲೆ ಒಂದು ಕಾಗದ ಮತ್ತು ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಗಡಿಯಾರ ದಿನಕ್ಕೆ ಏಳು ನಿಮಿಷ ಮುಂದೆ ಓಡುತ್ತಿತ್ತು. ಆ ಕಂಪನಿಯಿಂದ ಇದಕ್ಕಿಂತ ಒಳ್ಳೆಯದೇನೂ ಬರುವುದಿಲ್ಲವೆಂದು ಅವನು ಅದನ್ನು ಮಂಚದ ಕೆಳಗೆ ತಳ್ಳಿದ.

ಹೆಂಡತಿ ಒಂದು ಶಾಲೆಯ ಆಫೀಸಿನಲ್ಲಿ ಅಟೆಂಡರ್. ಮಾತು ಕಡಿಮೆ. ಬೆಳಿಗ್ಗೆ ಅವನನ್ನು ಎಬ್ಬಿಸಿ, ಸ್ನಾನ ಮುಗಿಸುವವರೆಗೆ ಕಾದು, ತಿಂಡಿ ಕೊಟ್ಟು, ಬಕೆಟ್ಟನ್ನು ಮಂಚದ ಪಕ್ಕಕ್ಕಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ನಡೆದು ಬಂದು ನೋಡಿ, ಇಪ್ಪತ್ತು ನಿಮಿಷ ನಡೆದು ವಾಪಸ್ ಹೋಗುತ್ತಿದ್ದಳು. ಮಾಸಾಶನಕ್ಕೆ ಅರ್ಜಿ ಹಾಕಿ ಎಂದು ಅವಳು ಹೇಳಿದ್ದು ಒಂದೇ ಸಲ. ಅವನು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದು, ಎಂಟನೇ ದಿನ ಫಾರಂ ತರಿಸಿಕೊಂಡ. ತುಂಬಲು ಯಾರ ನೆರವೂ ಬೇಡವೆಂದು ಬಾಗಿಲು ಹಾಕಿಕೊಂಡು ಕುಳಿತ.

ಒಬ್ಬರೇ ಮೆಟ್ಟಿಲು ಹತ್ತಬಲ್ಲಿರಾ ಎಂದು ಫಾರಂ ಕೇಳಿತ್ತು. ಹೌದು ಎಂದು ಬರೆದ. ಒಬ್ಬರೇ ಸ್ನಾನ ಮಾಡಬಲ್ಲಿರಾ? ಹೌದು, ಬುದ್ಧಿ ಬಂದಾಗಿನಿಂದ. ಅಡುಗೆ, ಓಡಾಟ, ಬಟ್ಟೆ ತೊಡುವುದು? ಹೌದು, ಹೌದು, ಹೌದು. ದೈನಂದಿನ ಕೆಲಸಗಳಿಗೆ ಇತರರ ಸಹಾಯ ಬೇಕೇ? ಬೇಡ. ಹಾಗಾದರೆ ಉದ್ಯೋಗ ಮಾಡಲು ಏಕೆ ಅಸಾಧ್ಯ ಎಂಬ ಕಡೆಯ ಪ್ರಶ್ನೆಗೆ ನಾಲ್ಕು ಸಾಲಿನ ಜಾಗವಿತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ 'ಕೆಲಸ ಕೊಡುವವರಿಲ್ಲ' ಎಂದು ಬರೆದು ಸಹಿ ಹಾಕಿದ. ಹೆಂಡತಿಗೆ ತೋರಿಸದೆ ಲಕೋಟೆ ಅಂಟಿಸಿದ.

ಮೂರು ತಿಂಗಳಿಗೆ ಉತ್ತರ ಬಂತು. ತಾವು ಸ್ವತಂತ್ರವಾಗಿ ಜೀವನ ನಡೆಸಲು ಶಕ್ತರಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ, ಅರುವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಸ್ತ್ರಿ ಅದನ್ನು ಜೋರಾಗಿ ಓದಿ ಹೇಳಿದ. ಅರ್ಧ ದೇಶದ ಸೋಮಾರಿಗಳನ್ನು ಸಾಕುವ ಸರ್ಕಾರಕ್ಕೆ ಮೂವತ್ತೊಂದು ವರ್ಷ ದುಡಿದವನು ಕಣ್ಣಿಗೆ ಬೀಳಲಿಲ್ಲ ಎಂದ. ಗುಮಾಸ್ತರನ್ನು ಬೈದ, ಅವರ ಕಾಗುಣಿತವನ್ನು ಬೈದ. ಅವನ ದನಿಯಲ್ಲಿ ಒಂದು ಬಗೆಯ ಖುಷಿಯೂ ಇತ್ತು. ಇವರ ಯೋಗ್ಯತೆ ಇಷ್ಟೇ ಎಂದು ತಾನು ಮೊದಲೇ ಹೇಳಿದ್ದು ನಿಜವಾಯಿತಲ್ಲ.

ಹೆಂಡತಿ ಕಾಗದವನ್ನು ತೆಗೆದುಕೊಂಡು ಹೋಗಿ ತಮ್ಮನನ್ನು ಕೇಳಿಕೊಂಡು ಬಂದಳು. ಹೆಚ್ಚಿನವರಿಗೆ ಮೊದಲ ಸಲ ಹೀಗೇ ತಿರಸ್ಕಾರವಾಗುತ್ತದಂತೆ, ಮೇಲ್ಮನವಿಗೆ ವಕೀಲರಿದ್ದರೆ ವಾಸಿಯಂತೆ, ಉಚಿತ ಕಾನೂನು ನೆರವಿನ ಕೇಂದ್ರದಲ್ಲಿ ಒಬ್ಬ ವಕೀಲೆ ಇದ್ದಾರಂತೆ, ಅವನ ಕೆಲಸ ಮಾಡಿಕೊಟ್ಟವರೂ ಅವರೇ ಅಂತೆ. ಇಷ್ಟು 'ಅಂತೆ'ಗಳನ್ನು ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಕೇಳಿದ. ಪುಕ್ಕಟೆ ವಕೀಲರೆಂದರೆ ಕಾಸು ಕೊಟ್ಟು ಯಾರೂ ಕರೆಯದವರು ಎಂದ. ಅಳಿಯನನ್ನು ಅಳಿಯ ಮಾಡಿದ ಪುರೋಹಿತರ ಹತ್ತಿರ ನಾನು ಹೋಗಬೇಕೇ ಎಂದ. ಹೆಂಡತಿ ಮರುದಿನ ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ಮಂಚದ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಜಗಳವಾಡುವವಳಾಗಿದ್ದರೆ ಗೆಲ್ಲಬಹುದಿತ್ತು. ಸುಮ್ಮನೆ ನಿಂತವಳ ಜೊತೆ ಏನು ಮಾಡುವುದು? ಹೊರಟ.

ಕೇಂದ್ರವಿದ್ದದ್ದು ಜೆರಾಕ್ಸ್ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ. ಲಿಫ್ಟಿರಲಿಲ್ಲ. ಕಟ್ಟಿದವನಿಗೆ ಮೆಟ್ಟಿಲಿನ ಅಳತೆಯೂ ಬಂದಿರಲಿಲ್ಲ, ಒಂದು ಎತ್ತರ, ಒಂದು ಗಿಡ್ಡ. ಹನ್ನೆರಡನೇ ಮೆಟ್ಟಿಲಿಗೆ ಗೋಡೆ ಬಾಗಿತು. ಮೇಸ್ತ್ರಿ ತಿರುವಿನಲ್ಲಿ ಕುಸಿದು ಕುಳಿತು ಮೊಣಕಾಲಿನ ನಡುವೆ ತಲೆ ಇಟ್ಟ. ಹೆಂಡತಿ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ಅವನ ಬಾಯಿಗೆ ಹಿಡಿದಳು. ಆ ಹೊತ್ತಿಗೆ ಟೀ ಕುಡಿದು ಮೇಲೆ ಬರುತ್ತಿದ್ದ ಒಬ್ಬ ಹೆಂಗಸು ಅವರನ್ನು ದಾಟಿ, ಏನೂ ಹೇಳದೆ ಹತ್ತಿ ಹೋದಳು. ಮೂಗು ಕೆಂಪಗೆ, ಕೈಯಲ್ಲಿ ಕರವಸ್ತ್ರ. ಜನಕ್ಕೆ ಕನಿಕರವೇ ಇಲ್ಲ ಎಂದು ಮೇಸ್ತ್ರಿ ಕವರಿನೊಳಗೇ ಗೊಣಗಿದ.

ಅವಳೇ ವಕೀಲೆ. ಅರ್ಧ ಗಂಟೆಯ ನಂತರ ಅವಳೆದುರು ಕುಳಿತಾಗ ಮೇಸ್ತ್ರಿ ಆ ಕೋಣೆಯನ್ನು ಒಮ್ಮೆ ಅಳೆದು ನೋಡಿದ. ದಾರ ಕಟ್ಟಿದ ಕಡತಗಳು ಕಿಟಕಿಯನ್ನೇ ಮುಚ್ಚಿದ್ದವು, ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿತ್ತು, ಮೇಜಿನ ಮೇಲೆ ಅರ್ಧ ತಿಂದ ಬಿಸ್ಕತ್ತು. ವಕೀಲೆಗೆ ನೆಗಡಿ, ಎರಡು ಮಾತಿಗೊಮ್ಮೆ ಸೀನುತ್ತಿದ್ದಳು. ತನ್ನ ಹಣೆಬರಹ ಇಂಥವಳ ಕೈಗೆ ಬಂತಲ್ಲ ಎಂದುಕೊಂಡ. ಅವಳು ಅವನ ಅರ್ಜಿಯ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ಕನ್ನಡಕ ತೆಗೆದಳು.

"ಈ ಗಟ್ಟಿಮುಟ್ಟಾದ ಗಂಡಸು ಯಾರು ಮೇಸ್ತ್ರಿ? ಇವರಿಗೆ ನಾನೇ ಮಾಸಾಶನ ಕೊಡ್ತಿರಲಿಲ್ಲ."

ಮೇಸ್ತ್ರಿ ತಾನು ಸುಳ್ಳು ಹೇಳುವವನಲ್ಲ ಎಂದ. ನರಳಿ, ಕುಂಟಿ, ಅತ್ತು ತೋರಿಸಲು ನಾಟಕದವನೂ ಅಲ್ಲ ಎಂದ.

"ನಾಟಕ ನೀವು ಈಗಾಗಲೇ ಆಡಿದ್ದೀರಿ," ಎಂದಳು ವಕೀಲೆ, ಮೂಗು ಒರೆಸಿಕೊಳ್ಳುತ್ತ. "ಇದರಲ್ಲಿ ಮೆಟ್ಟಿಲು ಹತ್ತಬಲ್ಲೆ ಅಂತ ಬರೆದಿದ್ದೀರಿ. ಈಗ ತಿರುವಿನಲ್ಲಿ ಕೂತಿದ್ದವರು ಯಾರು? ನಿಮ್ಮನ್ನ ಮಾತಾಡಿಸಿದರೆ ನಾಚ್ಕೋತೀರಿ ಅಂತ ಸುಮ್ನೆ ಬಂದೆ. ನಿಮ್ಮ ಒಳ್ಳೇ ದಿನ ಹೇಗಿರುತ್ತೆ ಅಂತ ಅವರು ಕೇಳ್ತಿಲ್ಲ. ಕೆಟ್ಟ ದಿನ ಹೇಗಿರುತ್ತೆ, ಅಂಥವು ತಿಂಗಳಿಗೆ ಎಷ್ಟು, ಅದು ಹೇಳಿ."

ಎಷ್ಟೆಂದು ಮೇಸ್ತ್ರಿಗೆ ಗೊತ್ತಿರಲಿಲ್ಲ. ಎರಡೋ ಮೂರೋ ಇರಬಹುದೆಂದ. ಆಗ ಹೆಂಡತಿ ತನ್ನ ಚೀಲಕ್ಕೆ ಕೈ ಹಾಕಿ, ಶಾಲೆಯಲ್ಲಿ ಮಕ್ಕಳ ಹಾಜರಿ ಹಾಕುವ ಹಾಳೆಗಳ ಒಂದು ಕಟ್ಟನ್ನು ಹೊರತೆಗೆದಳು. ಹೋದ ವರ್ಷದವು, ಮಿಕ್ಕಿದ್ದವು. ತಿಂಗಳಿಗೊಂದು ಹಾಳೆ, ದಿನಕ್ಕೊಂದು ಚೌಕ. ತಲೆ ತಿರುಗಿದ ದಿನಕ್ಕೆ ಕೆಂಪು ಗೀಟು, ಬಿದ್ದ ದಿನಕ್ಕೆ ಎರಡು ಗೀಟು, ಪಕ್ಕದಲ್ಲಿ ಸಣ್ಣಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು. ಹನ್ನೊಂದು ತಿಂಗಳಲ್ಲಿ ಎಪ್ಪತ್ತೊಂದು ದಿನ. ಹತ್ತೊಂಬತ್ತು ಸಲ ಬಿದ್ದಿದ್ದ.

"ನನ್ನ ಹಾಜರಿ ತೆಗೀತಿದ್ಯಾ ನೀನು?" ಎಂದ ಮೇಸ್ತ್ರಿ.

ವಕೀಲೆ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಇಷ್ಟು ಚೆನ್ನಾಗಿ ಬರೆದಿಟ್ಟದ್ದನ್ನು ಹತ್ತು ವರ್ಷದಲ್ಲಿ ನೋಡಿಲ್ಲ, ಇದಿದ್ದರೆ ಕೇಸು ನಿಲ್ಲುತ್ತದೆ ಎಂದಳು. ಆದರೆ ವಿಚಾರಣೆಯಲ್ಲಿ ಮಾತಾಡಬೇಕಾದವರು ಮೇಸ್ತ್ರಿಯವರೇ, ಅಲ್ಲಿ ಅವರ ಬಾಯಿಂದ ಮತ್ತೆ 'ಹೌದು, ಹೌದು' ಎಂದು ಬಂದರೆ ಈ ಹಾಳೆಗಳಿಗೆ ಬೆಲೆ ಇರುವುದಿಲ್ಲ, ಆದ್ದರಿಂದ ಮನೆಗೆ ಹೋಗಿ ಯೋಚಿಸಿ ತಿಳಿಸಲಿ ಎಂದಳು. ಇದೆಲ್ಲವನ್ನೂ ಅವಳು ಹೇಳಿದ್ದು ಹೆಂಡತಿಯ ಮುಖ ನೋಡಿಕೊಂಡು, ಮೇಸ್ತ್ರಿ ಅಲ್ಲಿ ಇಲ್ಲವೇ ಇಲ್ಲವೆನ್ನುವ ಹಾಗೆ.

ಮನೆಗೆ ಬಂದವನೇ ಮೇಸ್ತ್ರಿ ಹಾರಾಡಿದ. ಗಂಡ ಬಿದ್ದದ್ದನ್ನೆಲ್ಲ ಎಣಿಸಿಟ್ಟುಕೊಂಡು ಊರವರ ಮುಂದೆ ಹರಡುವ ಹೆಂಡತಿಯನ್ನು ಎಲ್ಲೂ ಕಂಡಿಲ್ಲ ಎಂದ. ಆ ನೆಗಡಿ ವಕೀಲೆಗೆ ಮೂರು ಕಾಸಿನ ಮರ್ಯಾದೆ ಗೊತ್ತಿಲ್ಲ ಎಂದ. ನಾಲ್ಕು ಜನ ಅಧಿಕಾರಿಗಳೆದುರು ಕೈಚಾಚಿ ನಿಂತು ಬದುಕುವುದಕ್ಕಿಂತ ಬಕೆಟ್ಟಿನ ಪಕ್ಕದಲ್ಲಿ ಬಿದ್ದು ಸಾಯುವುದು ಮೇಲು ಎಂದ. ಹೆಂಡತಿ ಒಲೆಯ ಮೇಲಿನ ಹಾಲು ಇಳಿಸಿ, ಕೈ ಒರೆಸಿಕೊಂಡು ಬಂದು ಅವನೆದುರಿನ ಸ್ಟೂಲಿನ ಮೇಲೆ ಕುಳಿತಳು.

"ಆ ಫಾರಂ ನಾನು ಇವತ್ತೇ ನೋಡಿದ್ದು ರೀ," ಎಂದಳು. "ಇತರರ ಸಹಾಯ ಬೇಕೇ ಅಂತ ಕೇಳಿದಾರೆ. ನೀವು ಬೇಡ ಅಂತ ಬರೆದಿದ್ದೀರಿ. ಆ ಇತರರು ಅಂದ್ರೆ ಯಾರು?"

ಮೇಸ್ತ್ರಿ ಅಂಗಿಯ ಗುಂಡಿ ಬಿಚ್ಚತೊಡಗಿದ.

"ದಿನಾ ಬೆಳಿಗ್ಗೆ ಬಚ್ಚಲ ಬಾಗಿಲ ಹೊರಗೆ ಕೂತಿರ್ತೀನಿ. ಒಳಗೆ ಚೊಂಬಿನ ಸದ್ದು ನಿಂತ್ರೆ ನನ್ನ ಎದೆ ನಿಲ್ಲುತ್ತೆ. ಮಧ್ಯಾಹ್ನ ಊಟ ಬಿಟ್ಟು ಓಡಿ ಬರ್ತೀನಿ. ಬಕೆಟ್ ತೊಳೀತೀನಿ. ಅದಕ್ಕೆಲ್ಲ ನಾನು ಒಂದಿನ ಬೇಜಾರು ಪಟ್ಟಿಲ್ಲ. ಆದ್ರೆ ನೀವು, ಇವಳು ಏನೂ ಮಾಡ್ತಿಲ್ಲ ಅಂತ ಸರ್ಕಾರಕ್ಕೆ ಬರೆದು, ಸಹಿ ಹಾಕಿ ಕೊಟ್ಟಿದ್ದೀರಿ."

ಹೇಳಿ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದಳು. ಅಳಲಿಲ್ಲ. ಮೇಸ್ತ್ರಿ ಅಂದು ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಬಹಳ ಹೊತ್ತು ಹುಡುಕಿದ. ಸೂಪರ್‌ವೈಸರ್, ಡಾಕ್ಟರು, ಗುಮಾಸ್ತರು, ವಕೀಲೆ, ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡ. ಯಾರೂ ಒದಗಲಿಲ್ಲ. ಆ ಸಹಿ ಅವನದೇ ಆಗಿತ್ತು. ಬೇರೆಯವರಲ್ಲಿ ಕಂಡರೆ ಮೂಗು ಮುರಿಯುತ್ತಿದ್ದ ಸಣ್ಣತನ ತನ್ನ ಕೈಬರಹದಲ್ಲೇ, ದಪ್ಪ ಅಕ್ಷರದಲ್ಲಿ ಕುಳಿತಿತ್ತು. ಮಾರನೇ ದಿನ ಹೆಂಡತಿ ಶಾಲೆಗೆ ಹೊರಟಾಗ, ಆ ನೆಗಡಿಯವಳಿಗೆ ಫೋನ್ ಮಾಡಿ ಆಯಿತು ಅಂತ ಹೇಳು ಎಂದ.

ವಿಚಾರಣೆಗೆ ಮುಂಚೆ ವಕೀಲೆ ಅವನನ್ನು ಎರಡು ಸಲ ಕರೆಸಿಕೊಂಡಳು, ಅದೂ ಮೆಟ್ಟಿಲು ಬೇಡವೆಂದು ಕೆಳಗಿನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಗೆ. ಹೇಳಿಕೊಟ್ಟದ್ದೇನೂ ಇಲ್ಲ. ಒಂದೊಂದೇ ಪ್ರಶ್ನೆ ಕೇಳುವುದು, ಅವನು ಬಡಾಯಿ ಕೊಚ್ಚಿದರೆ ಪೆನ್ನು ಕೆಳಗಿಟ್ಟು ಕಾಯುವುದು. ಮೂರನೇ ಸಲ ಪೆನ್ನು ಕೆಳಗಿಟ್ಟಾಗ ಅವನು ತಾನಾಗೇ ತಿದ್ದಿಕೊಳ್ಳುತ್ತಿದ್ದ. ಅವಳು ಕಂಪನಿಯಿಂದ ಅವನ ಸ್ಟೋರಿನ ದಿನಗಳ ದಾಖಲೆ ತರಿಸಿದ್ದಳು, ಕಿವಿಯ ಡಾಕ್ಟರ ಹತ್ತಿರ ಮೂರು ಸಲ ಹೋಗಿ ಕೂತು ಎರಡು ಪುಟದ ವರದಿ ಬರೆಸಿಕೊಂಡಿದ್ದಳು. ನಾಲ್ಕು ನಿಮಿಷದ ಡಾಕ್ಟರಿಂದ ಎರಡು ಪುಟ ಹೊರಡಿಸಿದವಳನ್ನು ಪೂರ್ತಿ ತಿರಸ್ಕರಿಸುವುದು ಮೇಸ್ತ್ರಿಗೂ ಕಷ್ಟವಾಯಿತು. ಅವಳ ಫ್ಯಾನಿನ ರೆಕ್ಕೆಯ ಬಗ್ಗೆ ಮಾತ್ರ ಅವನ ಅಭಿಪ್ರಾಯ ಬದಲಾಗಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರಾಚೆ ಮೂವರು. ನಡುವೆ ಅಧ್ಯಕ್ಷರು, ಬಲಕ್ಕೆ ಮೊಬೈಲು ನೋಡುತ್ತಿದ್ದ ಸರ್ಕಾರಿ ಡಾಕ್ಟರು, ಎಡಕ್ಕೆ ಬರೆದುಕೊಳ್ಳುವ ಗುಮಾಸ್ತ. ಮೇಸ್ತ್ರಿಗೆ ಅವತ್ತು ತಲೆ ಸುತ್ತು ಇರಲೇ ಇಲ್ಲ. ಬೇಕಾದಾಗ ಬಾರದ ದರಿದ್ರ ಕಾಯಿಲೆ ಎಂದು ಅದನ್ನೂ ಮನಸ್ಸಿನಲ್ಲೇ ಬೈದ. ಅಧ್ಯಕ್ಷರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೋಡುವುದಕ್ಕೆ ಚೆನ್ನಾಗೇ ಇದ್ದೀರಲ್ಲ ಎಂದರು. ಆ ದನಿ ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಊಟದ ಮನೆಯಲ್ಲಿ ಮೈದುನನ ತಟ್ಟೆಗೆ ಇನ್ನೊಂದು ಸೌಟು ಬಡಿಸಲು ಹೇಳುವಾಗ ಅವನದೇ ಬಾಯಿಂದ ಬರುತ್ತಿದ್ದ ದನಿ. ಬೇರೆಯವರ ಬಾಯಲ್ಲಿ ಅದು ಇಷ್ಟು ಅಸಹ್ಯವಾಗಿರುತ್ತದೆ ಎಂದು ಅವನು ಎಣಿಸಿರಲಿಲ್ಲ.

ಡಾಕ್ಟರು ಮೊಬೈಲಿನಿಂದ ತಲೆ ಎತ್ತದೆ, ಹತ್ತುವ ಕೆಲಸ ಬೇಡ ಸರಿ, ಕೂತು ಮಾಡುವ ಕೆಲಸಕ್ಕೆ ಏನಡ್ಡಿ ಎಂದು ಕೇಳಿದರು.

"ನಾನು ಕೂತಿದ್ರೂ ನೆಲ ಕೂತಿರಲ್ಲ ಸರ್," ಎಂದ ಮೇಸ್ತ್ರಿ.

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ಡಾಕ್ಟರು ಮೊಬೈಲು ಮಗುಚಿಟ್ಟರು. ಮೇಸ್ತ್ರಿ ಸ್ಟೋರಿನ ಪರದೆಯ ಬಗ್ಗೆ ಹೇಳಿದ, ಮೂರು ಸಲ ಕುರ್ಚಿಯಿಂದ ಬಿದ್ದದ್ದನ್ನು ಹೇಳಿದ. ಕೆಟ್ಟ ದಿನ ಹೇಗಿರುತ್ತದೆ ಎಂದು ವಕೀಲೆ ಕೇಳಿದಾಗ ಮೇಜಿನ ಅಂಚನ್ನು ನೋಡುತ್ತ ಹೇಳಿದ. ಮಂಚದಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ. ಅಂಥ ದಿನ ಅದನ್ನು ನಾಲ್ಕು ಕಾಲಿನಲ್ಲಿ ಹೋಗುತ್ತೇನೆ. ಕೆಲವು ಸಲ ಹೋಗಿ ಸೇರುವುದರೊಳಗೆ ಆಗಿಹೋಗುತ್ತದೆ. ಬಟ್ಟೆ ಬದಲಿಸುವವಳು ಹೆಂಡತಿ. ನಾನು ಸ್ನಾನ ಮಾಡುವಾಗ ಹೊರಗೆ ಕಾಯುವವಳು ಅವಳು. ನನಗೆ ಇತರರ ಸಹಾಯ ಬೇಕು.

ಹೆಂಡತಿ ಹಿಂದಿನ ಸಾಲಿನಲ್ಲಿದ್ದಳು. ಅವನು ತಿರುಗಿ ನೋಡಲಿಲ್ಲ. ತಿರುಗಿದರೆ ತಲೆ ಸುತ್ತುತ್ತದೆ ಎಂದು ತನಗೇ ನೆಪ ಹೇಳಿಕೊಂಡ. ಅಧ್ಯಕ್ಷರು ಹಾಜರಿ ಹಾಳೆಗಳನ್ನು ಪಕ್ಕದ ಡಾಕ್ಟರಿಗೆ ಸರಿಸಿ, ಸರಿ, ತಿಳಿಸುತ್ತೇವೆ ಎಂದರು.

ಏಳು ವಾರ ಕಳೆದು ಕಾಗದ ಬಂತು. ಮೇಲ್ಮನವಿ ಸಲ್ಲಿಸಿದ ದಿನದಿಂದ ಮಾಸಾಶನ ಮಂಜೂರಾಗಿತ್ತು, ಜೊತೆಗೆ ಆರೈಕೆಗೆಂದು ಒಂದು ಸಣ್ಣ ಭತ್ಯೆ. ಮೂರು ವರ್ಷಕ್ಕೆ ಮರುಪರಿಶೀಲನೆ. ಮೂರು ವರ್ಷದಲ್ಲಿ ನನಗೆ ಹೊಸ ಕಿವಿ ಮೊಳೆಯುತ್ತದೆ ಎಂದುಕೊಂಡಿದ್ದಾರೋ ಏನೋ ಎಂದು ಮೇಸ್ತ್ರಿ ಕುಟುಕಿದ. ಕಾಗದದಲ್ಲಿ ಐದು ತಪ್ಪು ಹಿಡಿದ. 'ಮೇಲ್ಮನವಿದಾರರ ಹೇಳಿಕೆಯು ನಂಬಲರ್ಹವಾಗಿದೆ' ಎಂಬ ಸಾಲನ್ನು ಮಾತ್ರ ಎರಡು ಸಲ ಓದಿದ. ಹೆಂಡತಿ ನೋಡುತ್ತಿದ್ದಾಳೆಂದು ಗೊತ್ತಾದ ಕೂಡಲೇ ಮಡಚಿಟ್ಟ.

ಸುದ್ದಿ ತಿಳಿದು ಮೈದುನ ಬಂದ. ಈಗ ತನ್ನ ಸರದಿ ಎಂದು ಮೇಸ್ತ್ರಿ ಮೈ ಬಿಗಿ ಹಿಡಿದು ಕುಳಿತಿದ್ದ. ಅಳಿಯ ಎನ್ನುವ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಟೀ ಮುಗಿಯುವವರೆಗೂ ಕಾದ. ಬರಲಿಲ್ಲ. ಮೈದುನ ಹವೆಯ ವಿಚಾರ ಮಾತಾಡಿದ, ಬ್ಯಾಂಕಿನಲ್ಲಿ ಯಾವ ಕೌಂಟರಿಗೆ ಹೋಗಬೇಕೆಂದು ಹೇಳಿದ. ಹೊರಡುವಾಗ ಎರಡೂ ಕೈಯನ್ನು ಕುರ್ಚಿಗೆ ಊರಿ, ಒಂದು ಸಲಕ್ಕೆ ಆಗದೆ, ಎರಡನೇ ಸಲಕ್ಕೆ ಎದ್ದ. ಇಷ್ಟು ವರ್ಷವೂ ಅವನು ಹಾಗೇ ಏಳುತ್ತಿದ್ದಿರಬೇಕು. ಮೇಸ್ತ್ರಿ ಬಾಗಿಲವರೆಗೆ ಹೋಗಿ, ಹುಷಾರಾಗಿ ಹೋಗು, ಮೆಟ್ಟಿಲು ಒದ್ದೆ ಇದೆ ಎಂದ. ಅವನ ಮಟ್ಟಿಗೆ ಅದು ಬಹಳ ದೊಡ್ಡ ಮಾತು.

ಆರೈಕೆಯ ಭತ್ಯೆಯಿಂದ ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ನಿವೃತ್ತ ಕಾಂಪೌಂಡರ್ ಬಂದು ಅವನ ಜೊತೆ ಕೂರುವ ಏರ್ಪಾಡಾಯಿತು. ಮೇಸ್ತ್ರಿಗೆ ಅವನನ್ನು ಕಂಡರೆ ಆಗದು. ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ, ಅದನ್ನೂ ಸರಿಯಾಗಿ ಮಾಡಲು ಬಾರದು. ಸ್ಕ್ರೂ ಯಾವ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತದೆಂದು ತಿಳಿಯದೆ ಅರುವತ್ತೆಂಟು ವರ್ಷ ಬದುಕಿದ್ದಾನೆ. ಆದರೂ ಅವನು ಬರುವುದು ಹತ್ತು ನಿಮಿಷ ತಡವಾದರೆ ಮೇಸ್ತ್ರಿ ಕಿಟಕಿಯತ್ತ ನೋಡುತ್ತಾನೆ.

ಕಾಂಪೌಂಡರ್ ಬಂದ ಮೊದಲ ದಿನ ಹೆಂಡತಿ ಶಾಲೆ ಬಿಟ್ಟ ಮೇಲೆ ನೇರ ಮನೆಗೆ ಬರಲಿಲ್ಲ. ಎರಡು ಗಂಟೆ ತಡವಾಗಿ ಬಂದು ಚಪ್ಪಲಿ ಬಿಟ್ಟಳು. ಎಲ್ಲಿಗೆ ಹೋಗಿದ್ದೆ ಎಂದು ಅವನು ಕೇಳಿದ.

"ಎಲ್ಲೂ ಇಲ್ಲ ರೀ. ಸಿಕ್ಕಿದ ಬಸ್ಸು ಹತ್ತಿ ಕೊನೇ ಸ್ಟಾಪಿನವರೆಗೂ ಹೋಗಿ, ಅದೇ ಬಸ್ಸಲ್ಲಿ ವಾಪಸ್ ಬಂದೆ."

ಕೆಲಸವಿಲ್ಲದೆ ಬಸ್ಸಿನಲ್ಲಿ ಸುತ್ತುವವರ ಬಗ್ಗೆ ಮೇಸ್ತ್ರಿಗೆ ಏನನ್ನಿಸುತ್ತಿತ್ತೆಂದು ಹೇಳಬೇಕಾದ್ದಿಲ್ಲ. ಬಾಯಿ ತೆರೆದ. ಹೆಂಡತಿಯ ಮುಖದಲ್ಲಿ ಅವನು ಬಹಳ ವರ್ಷದಿಂದ ನೋಡದಿದ್ದ ಒಂದು ಸೋಮಾರಿ ಕಳೆ ಇತ್ತು, ಗಾಳಿಗೆ ಕೂದಲು ಕೆದರಿತ್ತು.

"ಕಿಟಕಿ ಸೀಟು ಸಿಕ್ತಾ?" ಎಂದು ಕೇಳಿದ.